ಬೇಳೆ ತಿಂದರೆ ಹೊಲಿಗೆ ಕೀವಾಗುತ್ತಾ?

ಆಪರೇಷನ್ ಆದವರು ಬೇಳೆ ತಿಂದರೆ ಹೊಲಿಗೆ ಕೀವಾಗುತ್ತದೆ, ರಕ್ತದಲ್ಲಿ ಸಿಆರ್‌ಪಿ ಏರಿರುವುದೇ ಅದಕ್ಕೆ ಸಾಕ್ಷಿ. ಬೆಂಗಳೂರಿನ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಇಂಥ ಮೆಸೇಜ್ ಆಗಾಗ ಸುತ್ತುತ್ತಿರುತ್ತದೆ. ಕಳಿಸುವವರದ್ದು ಕಾಳಜಿಯೇ. ಆದರೆ ವಿಷಯ ತಪ್ಪು.

ಸಿಆರ್‌ಪಿ ಅಂದರೆ ಉರಿಯೂತ ಆದಾಗ ಲಿವರ್ ತಯಾರಿಸುವ ಒಂದು ಪ್ರೋಟೀನ್. ಆಪರೇಷನ್‌ನಲ್ಲಿ ಚರ್ಮ, ಮಾಂಸ ಕೊಯ್ದರೆ ಸಾಕು, ಅದು ಏರುತ್ತದೆ. ಸೋಂಕು ಇರಲೇಬೇಕು ಅಂತಿಲ್ಲ. ಸಾಮಾನ್ಯವಾಗಿ 2-3ನೇ ದಿನ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಇಳಿಯಬೇಕಾದದ್ದು ಮತ್ತೆ ಏರಿದರೆ ಡಾಕ್ಟರು ಸೋಂಕು ಇದೆಯಾ ಅಂತ ಹುಡುಕುತ್ತಾರೆ. ಕೀವಾಗುವುದು ಬ್ಯಾಕ್ಟೀರಿಯಾದಿಂದ, ತೊವ್ವೆಯಿಂದಲ್ಲ. ಗಾಯ ಕೂಡಲು ಪ್ರೋಟೀನ್ ಬೇಕೇ ಬೇಕು. ಸಸ್ಯಾಹಾರಿ ಮನೆಯಲ್ಲಿ ಬೇಳೆಯನ್ನೂ ಬಿಟ್ಟರೆ ಇನ್ನೇನು ಉಳಿಯಿತು, ಅಲ್ವಾ?

ಸಿಆರ್‌ಪಿ ಏರಿದೆ ಅಂದರೆ ನೋವೂ ಏರಿದೆ ಅಂತಲ್ಲ, ನೋವಿನ ಕಥೆ ಬೇರೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವಿದೆ ಅಂತ ನರ್ಸ್ ಕೇಳುತ್ತಾರಲ್ಲ, ನೋವಿಗೆ ಅದೇ ಅಳತೆ. ಸಿಆರ್‌ಪಿ ನೋಡಿ ನೋವು ಎಷ್ಟು ಅಂತ ಹೇಳಲಾಗದು.

ಮೆಸೇಜ್ ಜೊತೆ ರಿಪೋರ್ಟಿನ ಫೋಟೋ ಬಂದರೆ ಮೊದಲು ತಾರೀಖು ನೋಡಿ. ಆಪರೇಷನ್ ಆಗಿ ಎಷ್ಟನೇ ದಿನ? ಒಂದೇ ರಿಪೋರ್ಟಾ, ಎರಡಿವೆಯಾ? ಯೂನಿಟ್ ಕೂಡ ನೋಡಿ. ಒಂದು ಲ್ಯಾಬ್ ಲೀಟರ್‌ಗೆ 50 ಮಿಲಿಗ್ರಾಂ ಅಂತ ಬರೆದದ್ದನ್ನೇ ಇನ್ನೊಂದು ಡೆಸಿಲೀಟರ್‌ಗೆ, ಅಂದರೆ ಲೀಟರಿನ ಹತ್ತನೇ ಒಂದು ಭಾಗಕ್ಕೆ, 5 ಮಿಲಿಗ್ರಾಂ ಅಂತ ಬರೆಯಬಹುದು. ಸುಮ್ನೆ ಗಾಬರಿಯಾಗುವುದು ಇಲ್ಲೇ ಜಾಸ್ತಿ.

ಪಥ್ಯದ ವಿಷಯಕ್ಕೆ ಡಿಸ್ಚಾರ್ಜ್ ಚೀಟಿ ತೆಗೆದು ಓದಿ. ಕಿಡ್ನಿ ತೊಂದರೆ ಇದ್ದವರಿಗೆ ಬೇಳೆಯ ಲೆಕ್ಕ ಬೇರೆ ಇರಬಹುದು. ಗಾಯದ ಸುತ್ತ ಕೆಂಪು ದಿನೇದಿನೇ ಹರಡಿದರೆ, ಜ್ವರ ಬಂದರೆ, ಕೀವು ಒಸರಿದರೆ ಗ್ರೂಪಿನಲ್ಲಿ ಕೇಳುತ್ತಾ ಕೂರದೆ ಆಪರೇಷನ್ ಮಾಡಿದ ಡಾಕ್ಟರಿಗೆ ಸೀದಾ ತೋರಿಸಿ.