ಒಂದೇ ಪಾಸ್‌ಪೋರ್ಟು, ಎರಡು ಮತಗಟ್ಟೆ

ಚಿಂತಾಮಣಿಯಿಂದಲೋ ತಿಪಟೂರಿನಿಂದಲೋ ಕೆಲಸದ ವೀಸಾದ ಮೇಲೆ ಬ್ರಿಟನ್ನಿಗೆ ಬಂದವರ ಬಾಗಿಲಿಗೆ ಮನೆ ಹಿಡಿದ ವರ್ಷದೊಳಗೇ ಅಲ್ಲಿನ ಕೌನ್ಸಿಲ್‌ನಿಂದ, ಅಂದರೆ ಸ್ಥಳೀಯ ಆಡಳಿತದಿಂದ, ಒಂದು ಲಕೋಟೆ ಬರುತ್ತದೆ. ಈ ಮನೆಯಲ್ಲಿ ಓಟಿಗೆ ಅರ್ಹರಾದವರು ಯಾರ್ಯಾರು ಇದ್ದೀರಿ, ತಿಳಿಸಿ ಎನ್ನುವ ಪತ್ರ ಅದು. ನಮ್ಮವರಲ್ಲಿ ಬಹಳ ಜನ ‘ಇದು ಇಲ್ಲಿಯವರಿಗೆ, ನಮಗಲ್ಲ’ ಅಂದುಕೊಂಡು ಪಕ್ಕಕ್ಕಿಡುತ್ತಾರೆ. ಅದು ನಮಗೂ ಬಂದದ್ದೇ. ಭಾರತದ ಪೌರರಾಗಿದ್ದುಕೊಂಡೇ, ಬ್ರಿಟನ್ನಿನ ಪೌರತ್ವ ಕೇಳದೆಯೇ, ಅಲ್ಲಿನ ಸಂಸತ್ತಿನ ಚುನಾವಣೆಯಲ್ಲಿ ಓಟು ಹಾಕುವ ಹಕ್ಕು ನಮಗಿದೆ. ಕಾಮನ್‌ವೆಲ್ತ್ ದೇಶದ ಪೌರ, ಇರಲು ಅನುಮತಿ ಉಂಟು, ಅಲ್ಲೇ ವಾಸ, 18 ತುಂಬಿದೆ. ಇಷ್ಟಿದ್ದರೆ ಆಯಿತು. ಓದಲು ಬಂದ ವಿದ್ಯಾರ್ಥಿಗೂ ಇದೇ ಲೆಕ್ಕ. ಐದು ವರ್ಷ ಕಾಯಬೇಕಿಲ್ಲ, ಪರೀಕ್ಷೆ ಬರೆಯಬೇಕಿಲ್ಲ.

ಹೆಸರು ಸೇರಿಸುವುದು ಐದು ನಿಮಿಷದ ಕೆಲಸ. ಹೆಸರು, ಹುಟ್ಟಿದ ದಿನ, ವಿಳಾಸ, ರಾಷ್ಟ್ರೀಯತೆ, ಅಲ್ಲಿ ದುಡಿಯುವವರಿಗೆ ಕೊಡುವ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ಇವನ್ನು ಆನ್‌ಲೈನಿನಲ್ಲಿ ತುಂಬಬೇಕು. ಆ ಸಂಖ್ಯೆ ಇನ್ನೂ ಸಿಕ್ಕಿಲ್ಲದಿದ್ದರೆ ಕಾರಣ ಬರೆದರೆ ಸಾಕು, ಕೌನ್ಸಿಲ್‌ನವರು ಬೇರೆ ದಾಖಲೆ ಕೇಳುತ್ತಾರೆ. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಅರ್ಜಿ ಹೋಗಿರಬೇಕು. ಅಂಚೆ ಮತ ಬೇಕಿದ್ದರೆ 11 ದಿನ ಮೊದಲು, ಬೇರೊಬ್ಬರ ಕೈಲಿ ಹಾಕಿಸಬೇಕಿದ್ದರೆ 6 ದಿನ ಮೊದಲು ಕೇಳಬೇಕು. ಇಲ್ಲೂ ಎಣಿಸುವುದು ಕೆಲಸದ ದಿನಗಳನ್ನೇ. ಶನಿವಾರ, ಭಾನುವಾರ ಸೇರಿಸಿಕೊಂಡರೆ ತಪ್ಪಿಹೋಗುತ್ತದೆ. 2023ರಿಂದ ಮತಗಟ್ಟೆಯಲ್ಲಿ ಫೋಟೊ ಇರುವ ಗುರುತು ಕೇಳುತ್ತಾರೆ. ಒಪ್ಪುವ ದಾಖಲೆಗಳಲ್ಲಿ ಕಾಮನ್‌ವೆಲ್ತ್ ದೇಶಗಳ ಪಾಸ್‌ಪೋರ್ಟೂ ಸೇರಿದೆ. ಅಂದರೆ ಅಶೋಕನ ಸಿಂಹವಿರುವ ನಮ್ಮ ಪಾಸ್‌ಪೋರ್ಟನ್ನು ತೋರಿಸಿ ಮತಪತ್ರ ಪಡೆದು, ಪೆನ್ಸಿಲಿನಲ್ಲಿ ಗುಣಾಕಾರದ ಗುರುತು ಹಾಕಿ ಬರಬಹುದು. ಇದರಿಂದ ಭಾರತದ ಪೌರತ್ವಕ್ಕೆ ಏನೂ ಆಗುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಹೇಳುವುದು ಬೇರೆ ದೇಶದ ಪೌರತ್ವ ಪಡೆದವರ ಬಗ್ಗೆ, ಅಲ್ಲಿ ಓಟು ಹಾಕಿದವರ ಬಗ್ಗೆ ಅಲ್ಲ. ಅಮೆರಿಕದಲ್ಲಿರುವ ನೆಂಟರಿಗೆ ಮಾತ್ರ ಇದನ್ನು ಹೇಳಿ ಹುರಿದುಂಬಿಸಬೇಡಿ. ಅಲ್ಲಿ ಪೌರತ್ವವಿಲ್ಲದೆ ಫೆಡರಲ್ ಚುನಾವಣೆಯಲ್ಲಿ ಓಟು ಹಾಕುವುದು ಅಪರಾಧ, ಗಡೀಪಾರಿಗೂ ಕಾರಣ. ಪೌರತ್ವದ ಎನ್-400 ಅರ್ಜಿಯಲ್ಲೇ ಅದನ್ನು ಕೇಳುತ್ತಾರೆ.

ಈಗ ಅದೇ ಪಾಸ್‌ಪೋರ್ಟು ಹಿಡಿದು ಊರಿನ ಕಡೆ ತಿರುಗಿ.

ಹೊರದೇಶದಲ್ಲಿರುವ ಭಾರತದ ಪೌರರಿಗೆ ಓಟಿನ ಹಕ್ಕು ಬಂದದ್ದು 2010ರ ತಿದ್ದುಪಡಿಯಿಂದ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ 20ಎ ಸೆಕ್ಷನ್ ಸೇರಿತು. ತುಂಬಬೇಕಾದದ್ದು 6ಎ ನಮೂನೆ. ಜೊತೆಗೆ ಪಾಸ್‌ಪೋರ್ಟಿನ ಫೋಟೊ ಪುಟ, ಭಾರತದ ವಿಳಾಸದ ಪುಟ, ವೀಸಾದ ಪುಟ, ಇವುಗಳ ಸ್ವಂತ ಸಹಿಯ ಪ್ರತಿಗಳು. ಪಾಸ್‌ಪೋರ್ಟಿನಲ್ಲಿರುವ ಮನೆಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಹೋಗಿ ಬಂಧುಗಳನ್ನು ಕಂಡು ವಿಚಾರಿಸುತ್ತಾರೆ. ಹೆಸರು ಸೇರುವುದು ಆ ಮತಗಟ್ಟೆಯ ಪಟ್ಟಿಯ ಕೊನೆಯಲ್ಲಿ, ಬೇರೆ ವಿಭಾಗದಲ್ಲಿ. ವೋಟರ್ ಐಡಿ ಕೊಡುವುದಿಲ್ಲ, ಹಳೆಯದಿದ್ದರೆ ಒಪ್ಪಿಸಬೇಕು.

ಎಡವಟ್ಟಾಗುವುದೆಲ್ಲ ವಿಳಾಸದಲ್ಲಿ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದ ಮಕ್ಕಳು ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದಾಗ ಪಾಸ್‌ಪೋರ್ಟು ಮಾಡಿಸಿರುತ್ತಾರೆ. ಕಾನೂನು ನೋಡುವುದು ಅದರಲ್ಲಿರುವ ವಿಳಾಸವನ್ನೇ, ಹುಟ್ಟಿದ ಹಳ್ಳಿಯನ್ನಲ್ಲ. ಬಿಎಲ್‌ಒ ಹೋದರೆ ಆ ಮನೆಯಲ್ಲಿ ಬೇರೆ ಯಾರೋ ಇರುತ್ತಾರೆ. ಹೊರದೇಶದಲ್ಲೇ ನವೀಕರಿಸಿ ಅಲ್ಲಿನ ವಿಳಾಸವನ್ನೇ ಅಚ್ಚು ಹಾಕಿಸಿಕೊಂಡವರ ಪಾಡು ಇನ್ನೂ ಕಷ್ಟ. ಆದ್ದರಿಂದ ನವೀಕರಿಸುವಾಗಲೇ ತಂದೆ ತಾಯಿ ಇರುವ ಮನೆಯ ವಿಳಾಸ ಬರುವಂತೆ ನೋಡಿಕೊಳ್ಳಬೇಕು. 2007ರವರೆಗೆ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯೇ ಆಗಿರಲಿಲ್ಲವಾದ್ದರಿಂದ ಹಳೆಯ ಕಾಗದಗಳಲ್ಲಿ ಗೌರಿಬಿದನೂರು, ಬಾಗೇಪಲ್ಲಿ ಎಲ್ಲವೂ ಕೋಲಾರ ಜಿಲ್ಲೆ ಎಂದೇ ಇರುತ್ತವೆ. ಕ್ಷೇತ್ರದ ಗೊಂದಲ ಬೇರೆ. ಚಿಂತಾಮಣಿ, ಶಿಡ್ಲಘಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಕೋಲಾರ. ಶಿರಾ, ಪಾವಗಡದವರು ತುಮಕೂರು ಜಿಲ್ಲೆಯವರು, ಓಟು ಚಿತ್ರದುರ್ಗಕ್ಕೆ. ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ. ಅರ್ಜಿಯಲ್ಲಿ ಜಿಲ್ಲೆಯ ಹೆಸರು ನೋಡಿ ಕ್ಷೇತ್ರ ಬರೆಯಬೇಡಿ, ವಿಧಾನಸಭಾ ಕ್ಷೇತ್ರ ಯಾವುದೆಂದು ನೋಡಿ ಬರೆಯಿರಿ.

ಇಷ್ಟೆಲ್ಲ ಮಾಡಿ ಹೆಸರು ಬಂತು ಅನ್ನಿ. ಓಟು ಹಾಕಲು ಅಸಲಿ ಪಾಸ್‌ಪೋರ್ಟು ಹಿಡಿದು ಆ ಮತಗಟ್ಟೆಗೆ ಖುದ್ದಾಗಿ ಬರಬೇಕು. ಅಂಚೆಯಿಲ್ಲ, ಆನ್‌ಲೈನಿಲ್ಲ. 2024ರಲ್ಲಿ ವೇಳಾಪಟ್ಟಿ ಹೊರಬಿದ್ದದ್ದು ಮಾರ್ಚ್ 16ಕ್ಕೆ, ನಮ್ಮ ಮೂರೂ ಜಿಲ್ಲೆಗಳಲ್ಲಿ ಮತದಾನ ಏಪ್ರಿಲ್ 26ಕ್ಕೆ. ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 4. ಆಮೇಲೆ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ. ಅರ್ಜಿಯ ವಿಚಾರಣೆಗೆ ಬೇಕಾದ ದಿನಗಳನ್ನು ಕಳೆದರೆ, ದಿನಾಂಕ ಗೊತ್ತಾದ ಮೇಲೆ ಅರ್ಜಿ ಹಾಕಲು ಉಳಿಯುತ್ತಿದ್ದದ್ದು ಹತ್ತು ದಿನವೂ ಇಲ್ಲ. ರಜೆ, ಟಿಕೆಟ್ಟು, ಮಕ್ಕಳ ಶಾಲೆ ಎಲ್ಲ ಹೊಂದಿಸಿಕೊಂಡು ಒಂದು ಗುಂಡಿ ಒತ್ತಲು ದೇವನಹಳ್ಳಿಯಲ್ಲಿ ಇಳಿಯುವವರು ಎಷ್ಟು ಜನ? ಆ ಚುನಾವಣೆಯಲ್ಲಿ ದೇಶದಾದ್ಯಂತ ನೋಂದಾಯಿಸಿಕೊಂಡಿದ್ದ ಅನಿವಾಸಿಗಳು ಸುಮಾರು 1.19 ಲಕ್ಷ, ಬಂದು ಹಾಕಿದವರು 2,958. ಅದರಲ್ಲೂ 2,670 ಮಂದಿ ಕೇರಳದವರು. ಇದನ್ನು ಹಕ್ಕು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬದಲಿ ವ್ಯಕ್ತಿಯ ಮೂಲಕ ಓಟು ಹಾಕಿಸುವ ಮಸೂದೆ 2018ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಪಾಸಾಯಿತು. ರಾಜ್ಯಸಭೆ ದಾಟದೆ, 2019ರಲ್ಲಿ ಆ ಲೋಕಸಭೆಯೊಂದಿಗೇ ಬಿದ್ದುಹೋಯಿತು. ಗಡಿಯಲ್ಲಿರುವ ಸೈನಿಕರಿಗೆ ಮತಪತ್ರ ಕಂಪ್ಯೂಟರಿನಲ್ಲಿ ಹೋಗುತ್ತದೆ, ಅವರು ಅಚ್ಚು ತೆಗೆದು ಗುರುತು ಹಾಕಿ ಅಂಚೆಯಲ್ಲಿ ಕಳಿಸುತ್ತಾರೆ. ಆ ವ್ಯವಸ್ಥೆಯನ್ನು ನಮಗೂ ಕೊಡಲು ಸಿದ್ಧ ಎಂದು ಚುನಾವಣಾ ಆಯೋಗವೇ 2020ರಲ್ಲಿ ಸರ್ಕಾರಕ್ಕೆ ಬರೆದಿತ್ತು.

ಬೇಸತ್ತವರು ವರ್ಷಗಟ್ಟಲೆ ಕಾದು ಶಾಶ್ವತ ವಾಸದ ಅನುಮತಿ, 24 ಪ್ರಶ್ನೆಯಲ್ಲಿ 18 ಸರಿ ಮಾಡಬೇಕಾದ ಪರೀಕ್ಷೆ, ಸಾಮಾನ್ಯವಾಗಿ ಇನ್ನೊಂದು ವರ್ಷ, ಆಮೇಲೆ ಪ್ರಮಾಣವಚನ ಎಂದು ಬ್ರಿಟಿಷ್ ಪೌರರಾಗುತ್ತಾರೆ. ಆ ದಿನವೇ ಭಾರತದ ಪೌರತ್ವ ಹೋಯಿತು. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಓಟಿಲ್ಲ. ಆದರೆ ಊರಿನ ಪಟ್ಟಿಯಲ್ಲಿ ಹೆಸರು ತಾನಾಗಿ ಅಳಿಯುವುದಿಲ್ಲ. ‘ಹೆಸರು ಐತಲ್ಲ, ಬಂದವನು ಒತ್ತಿ ಹೋಗು’ ಎನ್ನುತ್ತಾರೆ ಊರವರು, ಪ್ರೀತಿಯಿಂದಲೇ. ಒತ್ತಬಾರದು. ಮನೆಯವರಿಂದಲಾದರೂ 7ನೇ ನಮೂನೆ ಹಾಕಿಸಿ ಹೆಸರು ತೆಗೆಸಿ.

ಬ್ರಿಟನ್ನಿನ ಔದಾರ್ಯವನ್ನು ಹೊಗಳುವಾಗಲೂ ಒಂದು ಮಾತು ಬಿಡುವಂತಿಲ್ಲ. ನಮಗೆ ಅಲ್ಲಿ ಓಟು ಸಿಕ್ಕಿರುವುದು ಸಾಮ್ರಾಜ್ಯದ ಕಾಲದ ಪ್ರಜೆಗಳೆಂಬ ಹಳೆಯ ನಂಟಿನಿಂದ. ಇಪ್ಪತ್ತು ವರ್ಷದಿಂದ ಪಕ್ಕದ ಮನೆಯಲ್ಲೇ ತೆರಿಗೆ ಕಟ್ಟುತ್ತಿರುವ ನೇಪಾಳದ ಪೌರನಿಗೆ ಆ ಹಕ್ಕಿಲ್ಲ. ಮತದಾನ ಸಾಮಾನ್ಯವಾಗಿ ಗುರುವಾರ, ರಜೆಯೂ ಇಲ್ಲ. ನಮ್ಮಲ್ಲಿ ಸಂಬಳಸಹಿತ ರಜೆ ಕಾನೂನಿನಲ್ಲೇ ಇದೆ, ಗುರುತಿನ ಚೀಟಿಯನ್ನು ಆಯೋಗವೇ ಮಾಡಿಕೊಡುತ್ತದೆ. ಬದಲಿ ಓಟಿನ ಬಗ್ಗೆಯೂ, ಮನಸ್ಸಿಲ್ಲದೆ ಒಪ್ಪುತ್ತೇನೆ, ಹಿಂಜರಿಕೆಗೆ ಕಾರಣವಿದೆ. ಯಜಮಾನ ಹೇಳಿದ ಕಡೆಗೇ ಇಡೀ ಮನೆ ಒತ್ತುವ ಹಳ್ಳಿಗಳು ನಮ್ಮಲ್ಲಿ ಇನ್ನೂ ಇವೆ. ಅಂಥ ಮನೆಯಲ್ಲಿ ಮಗಳ ಓಟನ್ನು ಅವಳ ಪರವಾಗಿ ಅಣ್ಣ ಹಾಕಿದರೆ ಅದು ಅವಳದಾಗಿ ಉಳಿಯುವುದಿಲ್ಲ. ಆದರೆ ಸೈನಿಕರಿಗೆ ಹೋಗುವ ಮತಪತ್ರದ ದಾರಿಗೆ ಈ ಆಕ್ಷೇಪ ತಾಗುವುದಿಲ್ಲ. ಅಲ್ಲಿ ಗುರುತು ಹಾಕುವುದು ಅವಳದೇ ಕೈ.