ರೋಡ್ ಮುಗದ ಮ್ಯಾಲ ಚೆಕ್ ಮಾಡಿದ್ರ ಏನ್ ಬಂತ್ರೀ
ಕೆಲಸ ಮುಗದ ಮ್ಯಾಲ ಥರ್ಡ್ ಪಾರ್ಟಿ ಕಡಿಂದ ಚೆಕ್ ಮಾಡಿಸಿದ್ರ ಹೈವೇ ಕ್ವಾಲಿಟಿ ಸುಧಾರಿಸ್ತದ ಅಂತ ಬರದೀರಿ, ಅದನ್ನ ನಾ ಒಪ್ಪಂಗಿಲ್ರೀ. ನಮ್ಮ ಕಲಬುರಗಿ, ಜೇವರ್ಗಿ ಕಡಿ ಕರಿ ಎರಿ ಭೂಮಿ, ಮಳಿ ಬಂದ್ರ ಉಬ್ತದ, ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡ್ತದ, ಇಲ್ಲಿ ರೋಡ್ ಕೆಡೋದು ಹೆಚ್ಚಾಗಿ ಕೆಳಗಿನ ಮಣ್ಣಿಂದೇ. ಫ್ರೀ ಸ್ವೆಲ್ ಇಂಡೆಕ್ಸ್ (ನೀರಾಗ ಮಣ್ಣು ಎಷ್ಟು ಉಬ್ತದ ಅನ್ನೋ ಅಳತಿ) 50% ದಾಟಿದ ಮಣ್ಣು ಹಾಕಬಾರದು, ಸಬ್‌ಗ್ರೇಡ್ (ಜಲ್ಲಿ ಕೆಳಗಿನ ಮಣ್ಣಿನ ಲೇಯರ್) 97% ಕಾಂಪ್ಯಾಕ್ಷನ್ ಇರಬೇಕು, ಅಂದ್ರ ಲ್ಯಾಬ್ ಟೆಸ್ಟ್‌ದಾಗ ಬರೋ ಗರಿಷ್ಠ ಸಾಂದ್ರತೆಯ 97% ತನ ಒತ್ತಿ ಗಟ್ಟಿ ಮಾಡಿರಬೇಕು ಅಂತ ಕೇಂದ್ರ ಸಾರಿಗೆ ಸಚಿವಾಲಯದ ಸ್ಪೆಸಿಫಿಕೇಶನ್‌ದಾಗೇ ಅದ, ಆದ್ರ ಅದನ್ನ ಒಂದೊಂದ್ ಲೇಯರ್‌ಗೂ ನೋಡ್ಬೇಕಲ್ರೀ, ಮ್ಯಾಲ ಜಲ್ಲಿ ಡಾಂಬರ್ ಬಿದ್ದ್ ಮ್ಯಾಲ ಯಾರಿಗೆ ಕಾಣ್ತದ? ನಮ್ಮೂರ ರೋಡಿಗೆ ಬಾಜು ಹೊಲದ್ದೇ ಎರಿ ಮಣ್ಣು ತುಂಬಿ, ಸರಿಯಾಗಿ ನೀರ್ ಸುದ್ದಾ ಹೊಡೀದೇ ರೋಲರ್ ಓಡಿಸ್ಯಾರ, ಒಂದೇ ಮಳಿಗಾಲಕ್ಕ ಅಂಚಿನುದ್ದಕ್ಕ ಸೀಳ್ಯಾದ. ಟೆಸ್ಟ್ ರಿಪೋರ್ಟ್ ಓಕೆ ಆಗೋ ತನ ಮುಂದಿನ ಲೇಯರ್ ಹಾಕ್ಲಿಕ್ಕ ಬಿಡಬ್ಯಾಡ್ರಿ, ನೀರ್ ಹೋಗ್ಲಿಕ್ಕ ಸೈಡ್ ಗಟಾರ ಡಿಸೈನ್‌ದಾಗೇ ಇರ್ಲಿ.