ಮಳೆ ಪುಸ್ತಕದಲ್ಲಿ ಒಂದು ಕಾರ್ಡು

ಮಳೆ ಎಡೆಬಿಡದೆ ಸುರಿಯುವ ಕಕ್ಕಡ ತಿಂಗಳಲ್ಲಿ ಮಡಿಕೇರಿಯಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಡಬ್ಬಿಯ ಉಪ್ಪು ಉದುರುವುದಿಲ್ಲ ಎಂಬುದನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ವರ್ಷ ಆ ಪಟ್ಟಿಗೆ ನನ್ನ ಪಾಲಿನದೊಂದು ಸೇರಿತು: ನಮ್ಮ ಸಹಕಾರ ಸಂಘದ ಸರ್ವರ್‌ಗೆ ತನ್ನ ಹೊಟ್ಟೆಯೊಳಗಿರುವ ಎನ್‌ಕ್ರಿಪ್ಷನ್ ಕಾರ್ಡು ಕಾಣಿಸುವುದಿಲ್ಲ. ಮುಚ್ಚಳ ತೆಗೆದರೆ ನನ್ನ ಕಣ್ಣಿಗೆ ಅದು ಸ್ಪಷ್ಟವಾಗಿ ಕಾಣುತ್ತದೆ. ‘ಎಲ್‌ಎಸ್‌ಪಿಸಿಐ’ ಎಂಬ, ಒಳಗಿನ ಕಾರ್ಡುಗಳ ಹಾಜರಿ ಕರೆಯುವ ಆದೇಶ ಟೈಪಿಸಿ ಸರ್ವರ್‌ನ್ನು ಕೇಳಿದರೆ ಮಾತ್ರ, ಅಂಥವರು ಈ ಮನೆಯಲ್ಲಿ ಯಾರೂ ಇಲ್ಲ ಎನ್ನುತ್ತದೆ.

ಖಾತೆಗಳ ಮಾಹಿತಿಯನ್ನು ಗುಪ್ತಲಿಪಿಗೆ ತಿರುಗಿಸುವ ಲೆಕ್ಕವನ್ನು ಪ್ರೊಸೆಸರ್‌ನ ತಲೆಯಿಂದ ಇಳಿಸಿ ತಾನು ಹೊರುವುದು ಈ ಕಾರ್ಡಿನ ಕೆಲಸ. ಕೇಂದ್ರ ಕಚೇರಿಯವರು ಕಪಾಟು ಖಾಲಿ ಮಾಡುವಾಗ ಸಿಕ್ಕಿದ್ದನ್ನು, ಎಸೆಯಲು ಮನಸ್ಸಾಗದೆ, ‘ಕಡ್ಡಾಯವಾಗಿ ಬಳಸತಕ್ಕದ್ದು’ ಎಂಬ ಚೀಟಿಯೊಂದಿಗೆ ನಮಗೆ ಕಳುಹಿಸಿದ್ದರು. ಕಾರ್ಡನ್ನು ಕಿತ್ತು ನೋಡಿದಾಗ ಅದರ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಈ ಊರಿನ ತೇವಕ್ಕೆ ಮಂಕಾಗಿದ್ದವು. ಮಗನ ಜಾಮಿಟ್ರಿ ಪೆಟ್ಟಿಗೆಯಿಂದ ರಬ್ಬರ್ ಕದ್ದು ತಂದು ಉಜ್ಜಿ ಮತ್ತೆ ಕೂರಿಸಿದೆ, ಕಾರ್ಡು ಕಾಣಿಸಿತು. ಆಮೇಲೆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್, ಕಾರ್ಯವ್ಯವಸ್ಥೆಯ ತಿರುಳಾದ ಹೊಸ ಕರ್ನಲ್ ಜೊತೆ ಮಾತು ಬಿಟ್ಟಿತ್ತು, ಅದಕ್ಕೆ ಎರಡು ದಿನ. ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿಯ ತಂತ್ರಾಂಶವು ಇಂಥ ಕಾರ್ಡುಗಳನ್ನು ಮಾತನಾಡಿಸುತ್ತಿದ್ದ ‘ಎಂಜಿನ್’ ಎಂಬ ಏರ್ಪಾಡನ್ನು 2021ರಲ್ಲಿ ಬಂದ 3.0 ಆವೃತ್ತಿಯಲ್ಲಿ ಮೂಲೆಗೆ ಸರಿಸಿದ್ದರಿಂದ, ಹಳೆಯ ಆವೃತ್ತಿಯನ್ನು ಪಕ್ಕದಲ್ಲಿ ಕೂರಿಸಲು ಇನ್ನೊಂದು ದಿನ. ಈ ನಡುವೆ ಕರೆಂಟು ಹೋದ ಹೊತ್ತನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಲೆಕ್ಕಕ್ಕೆ ಹಿಡಿಯುವವರು ನಮ್ಮ ವ್ಯವಸ್ಥಾಪಕರು. ಮಕ್ಕಂದೂರಿನ ಕಡೆ ಅವರದೊಂದು ಚಿಕ್ಕ ಕಾಫಿ ತೋಟವಿದೆ. ಅಂಗಳದ ಮಳೆಮಾಪಕವನ್ನು ದಿನವೂ ಬೆಳಿಗ್ಗೆ ಎದ್ದು ಅಳೆದು, ತಮ್ಮ ತಂದೆ ಆರಂಭಿಸಿದ ಉದ್ದನೆಯ ಪುಸ್ತಕದಲ್ಲಿ ಬರೆದುಕೊಂಡು, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಚೇರಿಗೂ ತರುತ್ತಾರೆ. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ನಮ್ಮ ತೋಟಗಾರರ ಮಳೆ ಇನ್ನೂ ಇಂಚು ಮತ್ತು ಸೆಂಟುಗಳಲ್ಲೇ ಬೀಳುತ್ತದೆ. ನೂರು ಸೆಂಟಿಗೆ ಒಂದು ಇಂಚು. ಅವರು ಯಾರಿಗೂ ‘ತಿಂಡಿ ಆಯಿತಾ’ ಎನ್ನುವುದಿಲ್ಲ. ಠೇವಣಿ ಇಡಲು ಬಂದವರಿಗೂ, ಸಾಲ ಕಟ್ಟದೆ ತಲೆ ತಪ್ಪಿಸಿಕೊಳ್ಳುವವರಿಗೂ, ಒಮ್ಮೆ ದಾರಿ ತಪ್ಪಿ ಒಳಗೆ ಬಂದ ಪ್ರವಾಸಿಗರಿಗೂ ಮೊದಲ ಪ್ರಶ್ನೆ ಒಂದೇ: “ನಿಮ್ಮಲ್ಲಿ ಎಷ್ಟಾಯಿತು?” ಒಂದು ವಾರದಿಂದ ನನ್ನ ಮೇಜಿನ ಮುಂದೆ ನಿಂತು ಕಾರ್ಡಿನ ಬಗ್ಗೆಯೂ ಅದನ್ನೇ ಕೇಳುತ್ತಿದ್ದರು. ಸೊನ್ನೆ ಎಂದು ಹೇಳಿ ಹೇಳಿ ನನಗೆ ನಾಚಿಕೆಯಾಗಿತ್ತು.

ಆದ್ದರಿಂದಲೇ ಶುಕ್ರವಾರ ಸಂಜೆ ಅದೇ ತಂತ್ರಾಂಶದ ವೇಗ ಪರೀಕ್ಷೆಯ ಆದೇಶ ಕೊಟ್ಟು, ಪರದೆಯ ಮೇಲೆ ಸೆಕೆಂಡಿಗೆ 720 ಮೆಗಾಬೈಟ್ ಎಂದು ಮೂಡಿದಾಗ, ನಾನು ಎದ್ದು ಅವರ ಕೋಣೆಗೆ ಓಡಿದೆ. ಕಾರ್ಡಿಲ್ಲದೆ ಪ್ರೊಸೆಸರ್ ಒಂದೇ ಮಾಡಿದ್ದು 500ರ ಆಸುಪಾಸು. “ಏಳುನೂರ ಇಪ್ಪತ್ತು!” ಎಂದು ಅವರು ಮಳೆ ಪುಸ್ತಕ ತೆರೆದು, ಆ ದಿನದ ಮೂರು ಇಂಚು ನಲವತ್ತು ಸೆಂಟಿನ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಬರೆದರು. ಕೇಂದ್ರ ಕಚೇರಿಗೂ ಫೋನ್ ಹೋಯಿತು. ಮರುದಿನ ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದುಸೊಪ್ಪು ತಿನ್ನುವ ದಿನ. ಮದ್ದುಸೊಪ್ಪಿನ ಪಾಯಸವನ್ನು ದೊಡ್ಡ ಡಬ್ಬಿಯಲ್ಲಿ ತಂದು, ಇದು ಕಾರ್ಡಿನ ಲೆಕ್ಕಕ್ಕೂ ಸೇರಿಸಿ ಎಂದು ಎಲ್ಲರಿಗೂ ಹಂಚಿದರು. ಆ ಪಾಯಸದ ಫಲಿತಾಂಶವಾದರೂ ಮರುದಿನ ಬೆಳಿಗ್ಗೆ ಮೂತ್ರಕ್ಕೆ ಹೋದಾಗ ತಪ್ಪದೆ ಬಣ್ಣ ತೋರಿಸುತ್ತದೆ, ಅದರಲ್ಲಿ ಮೋಸವಿಲ್ಲ.

ಮೋಸ ನನ್ನ ಸಂಖ್ಯೆಯಲ್ಲಿತ್ತು. ಭಾನುವಾರ ರಾತ್ರಿ, ಹೆಂಚಿನ ಮೇಲಿನ ಮಳೆಗೆ ನಿದ್ದೆ ಬಾರದೆ ಮಲಗಿದ್ದಾಗ ನೆನಪಾಯಿತು: ಆ ಕಾರ್ಡು ಕೂತಿರುವುದು ಹಳೆಯ ಮಾದರಿಯ 32 ಬಿಟ್ಟಿನ, 33 ಮೆಗಾಹರ್ಟ್ಸ್‌ನ ಪಿಸಿಐ ಸ್ಲಾಟಿನಲ್ಲಿ. ಎಷ್ಟೇ ಹಿಗ್ಗಿಸಿದರೂ ಆ ದಾರಿಯಲ್ಲಿ ಸೆಕೆಂಡಿಗೆ 133 ಮೆಗಾಬೈಟಿಗಿಂತ ಹೆಚ್ಚು ಸಾಗುವಂತಿಲ್ಲ. ಹಾಗಿದ್ದರೆ 720 ಯಾವ ಗೇಟಿನಿಂದ ಬಂತು?

ಸೋಮವಾರ ಉತ್ತರ ಸಿಕ್ಕಿತು. ಆ ಪರೀಕ್ಷೆ, ‘ಇಲ್ಯಾಪ್ಸ್‌ಡ್’ ಎಂಬ ಸೂಚನೆಯನ್ನು ನಾವಾಗಿ ಸೇರಿಸದಿದ್ದರೆ, ಗೋಡೆಯ ಗಡಿಯಾರವನ್ನು ನೋಡುವುದಿಲ್ಲ. ಪ್ರೊಸೆಸರ್ ಆ ಪ್ರೋಗ್ರಾಮಿಗಾಗಿ ಖುದ್ದು ದುಡಿದ ಹೊತ್ತನ್ನು ಮಾತ್ರ ಎಣಿಸುತ್ತದೆ. ಕೆಲಸವನ್ನು ಕಾರ್ಡಿಗೆ ಒಪ್ಪಿಸಿದ ಪ್ರೊಸೆಸರ್ ಮೂರು ಸೆಕೆಂಡಿನ ಪರೀಕ್ಷೆಯಲ್ಲಿ ದುಡಿದದ್ದು 0.05 ಸೆಕೆಂಡು. ಮೂರು ಸೆಕೆಂಡಿನ ಫಲವನ್ನು ಅಷ್ಟರಿಂದ ಭಾಗಿಸಿದರೆ ಎಂಥ ಸೋಮಾರಿಯೂ ಅರುವತ್ತು ಪಟ್ಟು ಚುರುಕಾಗುತ್ತಾನೆ. ಆ 0.05 ಎಂಬ ಅಂಕಿ ಶುಕ್ರವಾರವೂ ಪರದೆಯ ಮೇಲೆಯೇ ಇತ್ತು, ನಾನು ಓದಿರಲಿಲ್ಲ. ಸರಿಯಾಗಿ ಅಳೆದಾಗ ಕಾರ್ಡಿನ ನಿಜವಾದ ವೇಗ 12 ಮೆಗಾಬೈಟ್. ಎಇಎಸ್ ಎಂಬ ಗುಪ್ತಲಿಪಿಯ ಲೆಕ್ಕಕ್ಕೆಂದೇ ಬೇರೆ ಸೂಚನೆಗಳನ್ನು 2010ರಿಂದಲೇ ಇಂಟೆಲ್ ಪ್ರೊಸೆಸರ್‌ಗಳೊಳಗೆ ಇಡಲಾರಂಭಿಸಿದ್ದರಿಂದ, ನಾನು ಒಂದು ವಾರ ಒದ್ದಾಡಿ ಜೋಡಿಸಿದ ಸಹಾಯಕನಿಗಿಂತ ಯಜಮಾನನೇ ನಲವತ್ತು ಪಟ್ಟು ವೇಗವಾಗಿದ್ದ.

ಇದನ್ನು ವ್ಯವಸ್ಥಾಪಕರಿಗೆ ಹೇಗೆ ಹೇಳುವುದೆಂದು ಊಟದ ಹೊತ್ತಿನವರೆಗೂ ತಾಲೀಮು ಮಾಡಿದೆ. ಅವರಿಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. “ಅಂದರೆ, ಗುತ್ತಿಗೆಯವರು ಕಾಫಿ ಕೊಯ್ದರು, ನೀನು ಸಂಜೆ ತೂಕವಾದ ಹಣ್ಣನ್ನೆಲ್ಲ ತಕ್ಕಡಿ ಹಿಡಿದು ನಿಂತ, ತೋಟದ ಲೆಕ್ಕ ಬರೆಯುವ ರೈಟರ್‌ನ ಐದು ನಿಮಿಷದ ಹಾಜರಿಗೆ ಭಾಗಿಸಿದೆ, ಅಷ್ಟೇ ತಾನೇ?” ಎಂದರು. ನನ್ನ ಇಡೀ ವಾರದ ವಿದ್ಯೆ ಅಷ್ಟೇ ಆಗಿತ್ತು.

ಕೆಂಪು ಅಂಕಿಯನ್ನು ಹೊಡೆದುಹಾಕಿ ಎಂದು ನಾನು ಕೇಳಿಕೊಂಡೆ. ಅವರು ಹೊಡೆಯಲಿಲ್ಲ, ಪುಟಗಳನ್ನು ಹಿಂದಕ್ಕೆ ತಿರುವಿ 2018ರ ಆಗಸ್ಟನ್ನು ನನ್ನ ಮುಂದಿಟ್ಟರು. ತಿಂಗಳ ಮೊದಲರ್ಧ ತುಂಬ ದೊಡ್ಡ ದೊಡ್ಡ ಇಂಚುಗಳು, ಆಮೇಲೆ ಹದಿಮೂರು ಖಾಲಿ ಸಾಲುಗಳು. ಗುಡ್ಡ ಜಾರಿದಾಗ ಅಂಗಳದ ಅಂಚು ಮಳೆಮಾಪಕದ ಸಮೇತ ಕೆಳಗೆ ಹೋಗಿತ್ತಂತೆ. ಇವರು ಗಂಜಿ ಕೇಂದ್ರದಲ್ಲಿದ್ದರಂತೆ. “ಪಕ್ಕದ ತೋಟದವರ ಅಂಕಿ ಕೇಳಿ ಬರೆಯಬಹುದಿತ್ತು. ಅಳೆಯದ್ದನ್ನು ಬರೆಯಲು ಕೈ ಬರಲಿಲ್ಲ” ಎಂದು ಪುಸ್ತಕವನ್ನು ಮತ್ತೆ ಚೀಲದಲ್ಲಿ ಸುತ್ತಿದರು. ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಮಂಜಿನ ಹೊರತು ಏನೂ ಕಾಣುತ್ತಿರಲಿಲ್ಲ.

ಕಾರ್ಡನ್ನು ಕಿತ್ತು, ಮಗನ ರಬ್ಬರಿನ ಜೊತೆ ನನ್ನ ಡ್ರಾಯರಿನಲ್ಲಿಟ್ಟಿದ್ದೇನೆ. ಕೇಂದ್ರ ಕಚೇರಿಯವರು ಮಾತ್ರ 720ನ್ನು ಮರೆಯಲು ಸಿದ್ಧರಿಲ್ಲ. ಉಳಿದ ಶಾಖೆಗಳಿಗೂ ಕಾರ್ಡು ಕಳುಹಿಸುವ ಉತ್ಸಾಹದಲ್ಲಿದ್ದಾರೆ. ಈ ದಿನ ಬೆಳಿಗ್ಗೆ ಅವರಿಗೆ ತಿದ್ದುಪಡಿ ಪತ್ರ ಬರೆಯುತ್ತಿದ್ದಾಗ ವ್ಯವಸ್ಥಾಪಕರು ನೀರು ಸೋರುವ ಕೊಡೆಯೊಂದಿಗೆ ಒಳಗೆ ಬಂದರು.

“ನಮ್ಮಲ್ಲಿ ನಾಲ್ಕು ಮೂವತ್ತೈದು. ಪತ್ರದಲ್ಲಿ ಕಾರ್ಡಿಗೆ ಎಷ್ಟೆಂದು ಹಾಕಿದೆ?”

“ಹನ್ನೆರಡು, ಸಾರ್.”

ಅವರು ಕನ್ನಡಕ ಒರೆಸಿಕೊಂಡು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ ಕೇಳಿದರು: “ಇಂಚಾ, ಸೆಂಟಾ?”

ಸೆಂಟು ಎಂದೆ.